ಏಳು ಕಡೆ ಕೆಂಪು ಗೆರೆ

ಶ್ರೀರಾಂಪುರ, ಮೈಸೂರು
13 ಜುಲೈ 2025

ಅಕ್ಕ,

ಮೊದಲ ಸಾಲಿನಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆ ಎಂದು ಅಮ್ಮ ಹೇಳಿದಳು. ಅಮ್ಮನಿಗೆ ಮೊಣಕಾಲು ನೋವು. ನನಗೆ ಏನೂ ಆಗಿಲ್ಲ. ಏಳುತ್ತೇನೆ, ತಿನ್ನುತ್ತೇನೆ, ಕೂರುತ್ತೇನೆ. ಚೆನ್ನಾಗಿದ್ದೀಯಾ ಎಂದು ಯಾರಾದರೂ ಕೇಳಿದರೆ ಹೌದು ಎನ್ನುವುದಕ್ಕೆ ನನ್ನ ಹತ್ತಿರ ಆಧಾರವಿಲ್ಲ.

ನಿಮ್ಮ ನೊವಿಷಿಯೇಟಿನಲ್ಲಿ, ಅಂದರೆ ಆ ತರಬೇತಿ ಮಠದಲ್ಲಿ, ಫೋನ್ ಇಲ್ಲ, ಪತ್ರ ಮಾತ್ರ ಎಂದು ಗೊತ್ತಾದಾಗ ನಗು ಬಂದಿತ್ತು. ನೀನು ಹೋಗಿ ವರ್ಷದ ಮೇಲಾಯಿತು, ಇದೇ ನನ್ನ ಮೊದಲ ಪತ್ರ. ಅಂಚೆ ಕಚೇರಿಯಲ್ಲಿ ಕವರು ಕೊಟ್ಟ ಹೆಂಗಸು "ಯಾರಿಗಪ್ಪಾ, ಕೋರ್ಟಿಗಾ?" ಎಂದು ಕೇಳಿದರು. ಅಕ್ಕನಿಗೆ, ಅವಳು ಕನ್ಯಾಸ್ತ್ರೀ ಆಗುತ್ತಿದ್ದಾಳೆ ಎಂದೆ. ಚಿಲ್ಲರೆ ಹುಡುಕುವುದನ್ನು ಬಿಟ್ಟು ನನ್ನ ಮುಖ ನೋಡಿದರು.

ಸುದ್ದಿ ಇದು. ಎದುರುಮನೆ ಕೆಂಪಯ್ಯನವರ ಮಗಳು ಕೀರ್ತಿಯಕ್ಕ ಸಿದ್ಧಾರ್ಥನಗರದಲ್ಲಿ ಬೇಕರಿಯೊಂದರ ಮಹಡಿಯ ಮೇಲೆ ಇನ್ನು ಮೂವರ ಜೊತೆ ಸಣ್ಣ ಆಫೀಸು ಮಾಡಿದ್ದಾರೆ. ಅಂಗಡಿ, ಶಾಲೆಗಳಿಗೆ ವೆಬ್ ಪ್ರೋಗ್ರಾಂ ಬರೆದುಕೊಡುತ್ತಾರೆ. ನಾನು ಮೊಬೈಲಿನಲ್ಲಿ ನೋಡಿ ಕಲಿತದ್ದನ್ನು ಅವರಿಗೆ ತೋರಿಸಿದೆ. ಇದು ಅ ಆ ಇ ಈ ಅಷ್ಟೇ, ಇನ್ನು ಮೇಲೆ ಟೈಪ್‌ಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಭಾಷೆಯನ್ನು ಸರಿಯಾಗಿ ಕಲಿ ಎಂದರು.

ಅದು ಹೀಗಿದೆ. ಯಾವುದು ಏನು ಎಂದು ಮೊದಲೇ ಹೇಳಿಬಿಡಬೇಕು. ಹೆಸರು ಅಕ್ಷರ, ವಯಸ್ಸು ಸಂಖ್ಯೆ. ಒಂದು ವಿಷಯ ಇಲ್ಲದೆಯೂ ಇರಬಹುದಾದರೆ ಅದನ್ನೂ ಮೊದಲೇ ಹೇಳಬೇಕು. ಹೇಳಿದ್ದು ಒಂದು, ಕೊಟ್ಟದ್ದು ಇನ್ನೊಂದಾದರೆ ಆ ಪದದ ಕೆಳಗೆ ಕೆಂಪು ಗೆರೆ ಬರುತ್ತದೆ. ತಪ್ಪಿಸಿಕೊಳ್ಳಲು ಒಂದು ದಾರಿಯೂ ಇದೆ. 'ಎನಿ' ಎಂದು ಬರೆದರೆ ಏನು ಬೇಕಾದರೂ ಇರಲಿ, ಕೇಳಬೇಡ ಎಂದು ಹೇಳಿದ ಹಾಗೆ. ಕೀರ್ತಿಯಕ್ಕ ಅದನ್ನು ಮೊದಲ ದಿನವೇ ನಿಷೇಧಿಸಿದರು. "ಎನಿ ಹಾಕ್ದ್ರೆ ಕಂಪ್ಯೂಟರ್ ಬಾಯ್ ಮುಚ್ಕೊಳ್ಳುತ್ತೆ ಕಣೋ. ಆಮೇಲೆ ಗಿರಾಕಿ ಬಾಯ್ ಬಿಡ್ತಾನೆ" ಎಂದರು.

ನನಗೆ ಹಿಡಿಸಿತು. ನಾನು ಕಾಲೇಜು ಬಿಟ್ಟದ್ದು ಏಕೆ ಎಂದು ನಿನಗೆ ಗೊತ್ತು. ಭೌತಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ಎಲ್ಲರೂ ಹಳೆಯ ವಿದ್ಯಾರ್ಥಿಯ ಅಳತೆಗಳನ್ನು ನಕಲು ಮಾಡಿದರು. ನಾನು 'ಉಪಕರಣ ಕೆಟ್ಟಿತ್ತು, ಪ್ರಯೋಗ ಮಾಡಲಿಲ್ಲ' ಎಂದು ಬರೆದೆ. ಮೇಷ್ಟ್ರು ಆ ಹಾಳೆ ಹರಿದರು. ಇನ್ನೊಂದು ಹಾಳೆಯಲ್ಲಿ ಅದನ್ನೇ ಬರೆದೆ. ಅದನ್ನೂ ಹರಿದರು. ನಾನು ಮನೆಗೆ ಬಂದೆ.

ಕೀರ್ತಿಯಕ್ಕನ ಷರತ್ತು ಒಂದೇ. ಜನವರಿ ಕೊನೆಯ ಒಳಗೆ ಒಂದು ಕೆಲಸವನ್ನು ಪೂರ್ತಿ ಮಾಡಿ ತೋರಿಸಬೇಕು. ಎಲ್ಲೂ 'ಎನಿ' ಇರಬಾರದು, ಒಂದೂ ಕೆಂಪು ಗೆರೆ ಇರಬಾರದು. ತೋರಿಸಿದರೆ ಅವರ ಆಫೀಸಿನಲ್ಲಿ ಒಂದು ಕುರ್ಚಿ. ನಮ್ಮ ಚರ್ಚಿನ ಫಾದರ್ ಕುಟುಂಬ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಬೇಕು ಎನ್ನುತ್ತಿದ್ದರಲ್ಲ, ಅದನ್ನೇ ಒಪ್ಪಿಕೊಂಡಿದ್ದೇನೆ. ನಾನೂರ ಹನ್ನೆರಡು ಮನೆಗಳು.

ನಿನ್ನ ತಮ್ಮ,
ಆಂಟೋ


ನೊವಿಷಿಯೇಟ್, ಕೋಲಾರ ಜಿಲ್ಲೆ
3 ಆಗಸ್ಟ್ 2025

ಪ್ರೀತಿಯ ಆಂಟೋ,

ನಿನ್ನ ಪತ್ರ ಬಂದ ದಿನ ಅಡುಗೆಮನೆಯ ಸರದಿ ನನ್ನದು. ಹಿಟ್ಟಿನ ಕೈಯಲ್ಲೇ ಓದಿದೆ, ಅಂಚಿನಲ್ಲಿ ಬೆರಳ ಗುರುತಾಗಿದೆ. ನೀನು ಒಂದು ಕೆಲಸಕ್ಕೆ ಕುಳಿತಿದ್ದೀಯೆ ಎಂದು ತಿಳಿದು ಸಮಾಧಾನವಾಯಿತು. ನೀನು ಹೇಳಿದ ಕೆಂಪು ಗೆರೆಯ ವಿಷಯ ಪೂರ್ತಿ ಅರ್ಥವಾಗಲಿಲ್ಲ. ಅರ್ಥವಾಯಿತು ಎಂದು ಬರೆದರೆ ನೀನು ಪರೀಕ್ಷೆ ಮಾಡುತ್ತೀಯೆ ಎಂದು ಭಯ.

ಇಲ್ಲಿ ಐದಕ್ಕೆ ಗಂಟೆ. ಒಂಬತ್ತು ಜನ ನಾವು. ಬೆಳಿಗ್ಗೆ ಮೌನ, ಮಧ್ಯಾಹ್ನ ತೋಟದ ಕೆಲಸ. ಬದನೆಗೆ ಹುಳು ಬಿದ್ದಿದೆ.

ಬರುವ ಮೇ ತಿಂಗಳಲ್ಲಿ ಕನ್ಯಾಸ್ತ್ರೀಯಾಗಿ ನನ್ನ ಮೊದಲ ವ್ರತ. ಅದಕ್ಕೆ ಮುಂಚೆ ಫೆಬ್ರವರಿಯಲ್ಲಿ ನಮ್ಮ ಚರ್ಚಿನಿಂದ ಕುಟುಂಬದ ವಿವರದ ಪತ್ರವೊಂದು ಇಲ್ಲಿಗೆ ಬರಬೇಕು. ತಂದೆ, ತಾಯಿ, ಒಡಹುಟ್ಟಿದವರು, ಅಷ್ಟೇ. ನಾನು ಸೇರುವಾಗ ತುಂಬಿದ ಅರ್ಜಿಗೆ ಅದು ಹೊಂದಬೇಕು. ಅಮ್ಮನಿಗೆ ನೆನಪಿಸು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಲಿ, ಹೊಲಿಗೆ ಯಂತ್ರದ ಮುಂದೆ ಅಷ್ಟು ಹೊತ್ತು ಕೂರುವುದು ಬೇಡ.

ಪ್ರಾರ್ಥನೆಯಲ್ಲಿ ನೆನೆಯುವ,
ಏಂಜೆಲಿನ್


ಶ್ರೀರಾಂಪುರ
7 ಸೆಪ್ಟೆಂಬರ್ 2025

ಅಕ್ಕ,

ಅಮ್ಮ ಕೂರುವುದನ್ನು ಬಿಟ್ಟಿಲ್ಲ. ಶಾಲೆಯೊಂದರ ನೂರ ನಲವತ್ತು ಸಮವಸ್ತ್ರ ಬಂದಿದೆ. ಅದರಿಂದ ನನಗೆ ಒಂದು ಉಪಕಾರವಾಯಿತು. ಟೈಪ್‌ಸ್ಕ್ರಿಪ್ಟಿನಲ್ಲಿ ಜೆನೆರಿಕ್ ಎಂಬುದು ಮೂರು ವಾರ ತಲೆಗೆ ಹತ್ತಿರಲಿಲ್ಲ. ಅಮ್ಮ ಕತ್ತರಿಸುವುದನ್ನು ನೋಡುತ್ತಿದ್ದೆ. ಕಾಗದದ ಅಚ್ಚು ಒಂದೇ, ಯಾವ ಶಾಲೆಯ ಬಟ್ಟೆಗಾದರೂ ಆಗುತ್ತದೆ. ಆದರೆ ಒಮ್ಮೆ ನೀಲಿ ಬಟ್ಟೆ ಹಾಸಿದ ಮೇಲೆ ತೋಳೂ ನೀಲಿ, ಕಾಲರೂ ನೀಲಿ. ಇಷ್ಟೇ ಅದು. ಕೀರ್ತಿಯಕ್ಕನಿಗೆ ಹೇಳಿದೆ. ಪಕ್ಕದಲ್ಲಿದ್ದ ಕೆಂಪಯ್ಯನವರು ಅಮ್ಮನ ಹೆಸರು ಹಿಡಿದು "ಅಂಗಾದ್ರೆ ಆಗ್ನೆಸಮ್ಮನ್ನೇ ಕರ್ಕೊಂಡೋಗಿ ಆಫೀಸಲ್ಲಿ ಕೂರ್ಸಮ್ಮ, ಈ ಐಕಳು ಯಾಕೆ" ಎಂದರು.

ಕಾರ್ಡುಗಳಲ್ಲಿ ಪ್ರತಿಯೊಬ್ಬರ ಮುಂದೆ 'ಇದ್ದಾರೆ' ಅಥವಾ 'ತೀರಿಕೊಂಡಿದ್ದಾರೆ' ಎಂದಿದೆ. ನಾನು ಪ್ರೋಗ್ರಾಮಿನಲ್ಲಿ ಒಂದು ನಿಯಮ ಇಟ್ಟೆ. 'ಇದ್ದಾರೆ' ಎಂದರೆ ತಾರೀಖು ಕೇಳುವುದಿಲ್ಲ. 'ತೀರಿಕೊಂಡಿದ್ದಾರೆ' ಎಂದರೆ ತಾರೀಖು ಕೊಡಲೇಬೇಕು, ಇಲ್ಲದಿದ್ದರೆ ಆ ಕಾರ್ಡನ್ನು ತೆಗೆದುಕೊಳ್ಳುವುದಿಲ್ಲ. ಹಳೆಯ ಕಾರ್ಡುಗಳಲ್ಲಿ ಇಪ್ಪತ್ತಮೂರು ಮನೆಯವರು ತಾರೀಖು ಬರೆದಿರಲಿಲ್ಲ. ಒಂದೊಂದೇ ಮನೆಗೆ ಹೋದೆ. ವಿದ್ಯಾರಣ್ಯಪುರಂನಲ್ಲಿ ಒಬ್ಬ ಮುದುಕರಿಗೆ ಹೆಂಡತಿ ಹೋದ ದಿನ ನೆನಪಿರಲಿಲ್ಲ. ಮಾರನೆಯ ಬೆಳಿಗ್ಗೆ ಹಾಲಿನವನು ಹೊಸ ಸ್ಕೂಟರಿನಲ್ಲಿ ಬಂದಿದ್ದ ಎಂದು ಮಾತ್ರ ನೆನಪಿತ್ತು. ಹಾಲಿನವನನ್ನು ಹುಡುಕಿ ಕೇಳಿದೆ. ಅವನಿಗೆ ಸ್ಕೂಟರಿನ ತಾರೀಖು ಬಾಯಿಪಾಠ. ಅದರಿಂದ ಒಂದು ದಿನ ಕಳೆದು ಬರೆದುಕೊಂಡೆ.

ಇಪ್ಪತ್ತೆರಡು ಸಿಕ್ಕಿತು. ಉಳಿದದ್ದು ನಮ್ಮ ಮನೆ.

ಅಪ್ಪ ಲಾರಿ ಹತ್ತಿ ಹೋಗಿ ಮತ್ತೆ ಬಾರದೆ ಇದ್ದಾಗ ನನಗೆ ಹದಿಮೂರು. ಎರಡು ವರ್ಷ ಕಳೆದು ನೀನು ಹೊಸೂರಿನ ಫ್ಯಾಕ್ಟರಿಯಿಂದ ಬಂದು ಹೇಳಿದೆ, ಕೊರೋನಾದಲ್ಲಿ ಅಲ್ಲೇ ತೀರಿಕೊಂಡರಂತೆ, ಪಾಲಿಕೆಯವರೇ ಮಣ್ಣು ಮಾಡಿದರಂತೆ ಎಂದು. ಅಮ್ಮ ತಾಳಿ ತೆಗೆದಿಟ್ಟಳು. ಆಮೇಲೆ ನಾವು ಮನೆ ಬದಲಿಸಿದೆವು, ಹೊಸ ಚರ್ಚಿನಲ್ಲಿ ಹೊಸ ಕಾರ್ಡು ಮಾಡಿಸಿದೆವು. ಅದರಲ್ಲಿ ಅಪ್ಪನ ಹೆಸರಿನ ಮುಂದೆ 'ತೀರಿಕೊಂಡಿದ್ದಾರೆ' ಎಂದಿದೆ. ತಾರೀಖಿನ ಜಾಗ ಖಾಲಿ.

ಯಾವ ದಿನ ಎಂದು ಅಮ್ಮನನ್ನು ಕೇಳಿದೆ. ಅಕ್ಕನಿಗೆ ಗೊತ್ತು ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ನಿನಗೂ ನೆನಪಿಲ್ಲದಿದ್ದರೆ ಪರವಾಗಿಲ್ಲ, ನಾನೇ ಹೊಸೂರಿಗೆ ಹೋಗಿ ಪಾಲಿಕೆಯ ಪುಸ್ತಕ ನೋಡಿ ಬರುತ್ತೇನೆ.

ಆಂಟೋ


ನೊವಿಷಿಯೇಟ್
28 ಸೆಪ್ಟೆಂಬರ್ 2025

ಆಂಟೋ,

15 ಮೇ 2021 ಎಂದು ಹಾಕು. ಹೊಸೂರಿಗೆ ಹೋಗಬೇಡ. ಅಷ್ಟು ದೂರ, ಸುಮ್ಮನೆ ಒಂದು ದಿನ ಹಾಳು.

ಇಷ್ಟು ದಿನ ಹೇಳಲು ಮರೆತಿದ್ದೆ. ಇಲ್ಲಿಗೆ ಬರುವ ಪತ್ರಗಳನ್ನು ನಮ್ಮ ಮೇಲ್ವಿಚಾರಕಿ ಸಿಸ್ಟರ್ ಅಮಲಾ ತೆರೆದು ನೋಡಿ ಕೊಡುತ್ತಾರೆ. ಅದು ಇಲ್ಲಿನ ಕ್ರಮ, ಅವರ ತಪ್ಪಲ್ಲ. ಮನೆಯ ಸುದ್ದಿ, ಅಮ್ಮನ ಆರೋಗ್ಯ, ನಿನ್ನ ಪಾಠ ಬರೆದರೆ ಸಾಕು.

ಬದನೆ ಗಿಡಗಳನ್ನು ಕಿತ್ತು ಹಾಕಿದೆವು.

ಏಂಜೆಲಿನ್


ಶ್ರೀರಾಂಪುರ
12 ಅಕ್ಟೋಬರ್ 2025

ಅಕ್ಕ,

ಸಿಸ್ಟರ್ ಅಮಲಾ ಅವರೇ, ನೀವು ಮೊದಲು ಓದುತ್ತೀರಿ ಎಂದು ತಿಳಿಯಿತು. ನಮಸ್ಕಾರ. ಬೇರೆ ಥರ ಬರೆಯಲು ಪ್ರಯತ್ನಿಸಿದೆ, ಬರಲಿಲ್ಲ.

ಅಕ್ಕ, ನೀನು ಕೊಟ್ಟ ತಾರೀಖನ್ನು ಹಾಕಿದೆ. ಕೆಂಪು ಗೆರೆ ಹೋಯಿತು. ಕಂಪ್ಯೂಟರಿಗೆ ಅದು ತಾರೀಖು ಹೌದೋ ಅಲ್ಲವೋ ಎಂಬುದಷ್ಟೇ ಬೇಕು, ನಿಜವೋ ಅಲ್ಲವೋ ಎಂದು ಅದು ಕೇಳುವುದಿಲ್ಲ. ನಾನು ಆ ಸಾಲನ್ನು ನೋಡುತ್ತ ಕುಳಿತೆ. ರೆಕಾರ್ಡ್ ಪುಸ್ತಕದ ಅಳತೆಗಳ ಹಾಗೆ ಕಾಣಿಸಿತು. ಹೊಸೂರಿಗೆ ಹೋದೆ.

ಅಜ್ಜಿ ಕಲಿಸಿದ ತಮಿಳಿನಲ್ಲಿ ಕೇಳಿದೆ. ಅಲ್ಲಿದ್ದ ಗುಮಾಸ್ತರು ಒಳ್ಳೆಯವರು. ಕೊರೋನಾ ಕಾಲದ ಪುಸ್ತಕವೇ ಬೇರೆ ಇದೆ ಎಂದರು. ಏಪ್ರಿಲಿನಿಂದ ಆಗಸ್ಟಿನವರೆಗೆ ಬೆರಳಿಟ್ಟು ನೋಡಿದರು. ಸಹಾಯರಾಜ್ ಎಂಬ ಅಪ್ಪನ ಹೆಸರು ಎರಡು ಕಡೆ ಇತ್ತು. ಒಬ್ಬರಿಗೆ ಎಪ್ಪತ್ತೊಂದು ವರ್ಷ, ಇನ್ನೊಂದು ಕೂಸು. "ನಿಮ್ಮವರು ಇಲ್ಲ ತಂಬಿ" ಎಂದು ಪುಸ್ತಕ ಮುಚ್ಚಿದರು. ಅವರು ಸಂತೋಷದ ಸುದ್ದಿ ಹೇಳುವ ಹಾಗೆ ಹೇಳಿದರು. ನನಗೆ ಸಂತೋಷ ಆಗಲಿಲ್ಲ, ದುಃಖವೂ ಆಗಲಿಲ್ಲ. ಬಸ್ ನಿಲ್ದಾಣದಲ್ಲಿ ಎರಡು ಪರೋಟ ತಿಂದೆ.

ಬಂದು ನಿಯಮ ಬದಲಿಸಿದೆ. 'ಇದ್ದಾರೆ', 'ತೀರಿಕೊಂಡಿದ್ದಾರೆ' ಜೊತೆಗೆ ಮೂರನೆಯದು ಸೇರಿಸಿದೆ: 'ಗೊತ್ತಿಲ್ಲ'. ನಾನೂರ ಹನ್ನೆರಡು ಮನೆಗಳಲ್ಲಿ ಒಂದು ಮನೆಗಾಗಿ.

ಈ ಭಾಷೆಯಲ್ಲಿ ಒಂದು ಪಾಠವಿದೆ. ಇರುವ ಸಾಧ್ಯತೆಗಳನ್ನೆಲ್ಲ ಪ್ರತಿ ಕಡೆಯೂ ಒಂದೊಂದಾಗಿ ವಿಚಾರಿಸಬೇಕು, ಒಂದು ತಪ್ಪಿದರೂ ಅದು ತೋರಿಸಿಕೊಡಬೇಕು, ಹಾಗೆ ಬರೆಯುವುದನ್ನು ಕಲಿಯಬೇಕು. ನಾನು ಕಲಿತು ಹಾಗೆಯೇ ಬರೆದಿದ್ದೆ. ಆದ್ದರಿಂದ ಆ ಒಂದು ಪದ ಸೇರಿಸಿದ ಕೂಡಲೇ ಏಳು ಕಡೆ ಕೆಂಪು ಗೆರೆ ಬಂತು. ಕಾರ್ಡು ತೋರಿಸುವ ಪುಟ. ಕ್ರಿಸ್ಮಸ್ ಶುಭಾಶಯದ ಲಕೋಟೆ, ಅದರ ಮೇಲೆ ಶ್ರೀ ಮತ್ತು ಶ್ರೀಮತಿ ಎನ್ನಬೇಕೋ ಬರೀ ಶ್ರೀಮತಿಯೋ. ಬಿಷಪ್ಪರ ಕಚೇರಿಗೆ ಹೋಗುವ ತಲೆ ಎಣಿಕೆ. ಮದುವೆಯ ಪತ್ರ. ಮನೆ ಆಶೀರ್ವಾದದ ಪಟ್ಟಿ. ನವೆಂಬರ್ ಎರಡರಂದು ಪೂಜೆಯಲ್ಲಿ ಓದುವ ಮೃತರ ಪಟ್ಟಿ. ಎಲ್ಲ ಕಡೆಯೂ ಒಂದೇ ಪ್ರಶ್ನೆ, ಇವರನ್ನು ಏನು ಮಾಡಲಿ ಎಂದು.

ಆರು ಕಡೆ ಉತ್ತರ ಬರೆದೆ. ಏಳನೆಯದು ವ್ರತಕ್ಕೆ ಮುಂಚೆ ಹೋಗುವ ಕುಟುಂಬದ ಪತ್ರ. ಅದು ನಿನ್ನದು. 'ತಂದೆ' ಎಂಬುದರ ಮುಂದೆ ಅದು ಏನು ಮುದ್ರಿಸಬೇಕು? ನಿನ್ನ ಅರ್ಜಿಯಲ್ಲಿ ಏನಿದೆ ಎಂದು ನನಗೆ ಗೊತ್ತು. ಇಲ್ಲಿ 'ಗೊತ್ತಿಲ್ಲ' ಎಂದು ಹೋದರೆ ಅಲ್ಲಿ ನಿನ್ನನ್ನು ಕೇಳುತ್ತಾರೆ ಎಂಬುದೂ ಗೊತ್ತು. ಅದೊಂದನ್ನು ಕೆಂಪಾಗಿಯೇ ಬಿಟ್ಟಿದ್ದೇನೆ. ಅದು ಇರುವವರೆಗೆ ನನ್ನ ಕೆಲಸ ಮುಗಿಯುವುದಿಲ್ಲ.

ಯಾರು ಹೇಳಿದರು ನಿನಗೆ, ಅಪ್ಪ ಸತ್ತರು ಎಂದು?

ಆಂಟೋ


ಶ್ರೀರಾಂಪುರ
3 ನವೆಂಬರ್ 2025

ಅಕ್ಕ,

ನಿನ್ನ ಪತ್ರ ಬಂದಿಲ್ಲ. ನಿನ್ನೆ ಆದದ್ದನ್ನು ಬರೆಯುತ್ತೇನೆ.

ಪ್ರತಿ ವರ್ಷ ಮೃತರ ದಿನಕ್ಕೆ ಮನೆಯವರೇ ಚೀಟಿಯಲ್ಲಿ ಹೆಸರು ಬರೆದು ಕೊಡುತ್ತಿದ್ದರಲ್ಲ, ಈ ವರ್ಷ ಚೀಟಿ ಬೇಡ, ಪಟ್ಟಿ ಕಂಪ್ಯೂಟರಿನಿಂದ ಬರುತ್ತದೆ ಎಂದು ಫಾದರ್ ಹಿಂದಿನ ಭಾನುವಾರವೇ ಹೇಳಿದ್ದರು. ಆಂಟೋ ಮಾಡಿದ್ದಾನೆ ಎಂದೂ ಹೇಳಿದರು. ಅಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

ಪಟ್ಟಿ ಅಕ್ಷರದ ಕ್ರಮದಲ್ಲಿತ್ತು. ಅಮ್ಮ ಮೂರನೆಯ ಸಾಲಿನಲ್ಲಿ ಕುಳಿತಿದ್ದಳು. ಅಪ್ಪನ ಹೆಸರು ಬರುವಾಗ ಅವಳು ಯಾವಾಗಲೂ ಎದ್ದು ನಿಲ್ಲುತ್ತಾಳೆ, ನಿನಗೆ ಗೊತ್ತು. ಸವೇರಿಯಮ್ಮ ಎಂದು ಓದಿದರು. ಅಮ್ಮ ಮುಂದಿನ ಬೆಂಚು ಹಿಡಿದು ಅರ್ಧ ಎದ್ದಳು. ಆಮೇಲೆ ಸಿಸಿಲಿಯಾ ಎಂದು ಓದಿದರು. ಅಮ್ಮ ಹಾಗೆಯೇ ಸ್ವಲ್ಪ ಹೊತ್ತು ಇದ್ದಳು. ಸುಸೈರಾಜ್, ಸೆಲೆಸ್ಟಿನ್. ಆಮೇಲೆ ಕುಳಿತಳು.

ಸಮಾಧಿಯ ಜಾಗಕ್ಕೆ ಎಲ್ಲರ ಜೊತೆ ನಡೆದಳು. ಬೇರೆ ಊರಲ್ಲಿ ಮಣ್ಣಾದವರಿಗೆ ನಡುವಿನ ದೊಡ್ಡ ಶಿಲುಬೆಯ ಕೆಳಗೆ ಮೇಣದ ಬತ್ತಿ ಹಚ್ಚುವುದು ರೂಢಿ. ನಾಲ್ಕು ವರ್ಷದಿಂದ ಅಮ್ಮನ ಬತ್ತಿಯೂ ಅಲ್ಲೇ. ನಿನ್ನೆ ಅದನ್ನು ಚೀಲದಿಂದ ತೆಗೆಯಲಿಲ್ಲ. ವಾಪಸ್ ಬರುವಾಗ ಸಂತೆಪೇಟೆಯ ಬಸ್ಸಿನ ಗದ್ದಲದಲ್ಲಿ ನನ್ನ ಕಡೆ ತಿರುಗದೆ ಕೇಳಿದಳು:

"ಹೆಸ್ರು ಬುಟ್ಟೋಯ್ತಾ, ಇಲ್ಲಾ ನೀನೇ ಬುಟ್ಯಾ?"

ಬಿಟ್ಟುಹೋಯಿತು ಎನ್ನಬಹುದಿತ್ತು. ಅವಳು ಅದಕ್ಕೆ ಜಾಗ ಮಾಡಿಕೊಟ್ಟಿದ್ದಳು.

"ನಾನೇ ಬಿಟ್ಟೆ" ಎಂದೆ.

ನನಗೆ ಅತ್ತರೆ ಒಳ್ಳೆಯದು ಎನ್ನಿಸಿತು, ಅವಳಾದರೂ ನಾನಾದರೂ. ಯಾರೂ ಅಳಲಿಲ್ಲ. ಮನೆಗೆ ಬಂದು ಹದಿನಾರು ಗುಂಡಿ ಹೊಲಿದಳು. ಸಂಜೆ ಕರೆಂಟ್ ಹೋದಾಗ ಆ ಬತ್ತಿಯನ್ನೇ ಅಡುಗೆಮನೆಯಲ್ಲಿ ಹಚ್ಚಿಟ್ಟಳು.

ಪಟ್ಟಿಯ ಆ ಜಾಗದಲ್ಲಿ, 'ಗೊತ್ತಿಲ್ಲ' ಎಂದಿದ್ದರೆ ಹೆಸರು ಸೇರಿಸಬೇಡ ಎಂದು ಬರೆದದ್ದು ನಾನು. ಒಂದು ಸಾಲು. ಬರೆಯುವಾಗ ಅಮ್ಮನ ನೆನಪಾಗಿರಲಿಲ್ಲ ಎಂದು ಬರೆದರೆ ಅದು ಸುಳ್ಳು. ಆಗಿತ್ತು. ಹೇಳದೆ ಇದ್ದೆ.

ಆಂಟೋ


ನೊವಿಷಿಯೇಟ್
14 ಡಿಸೆಂಬರ್ 2025

ಆಂಟೋ,

ನಿನ್ನ ನವೆಂಬರ್ ಪತ್ರವನ್ನು ಸಿಸ್ಟರ್ ಅಮಲಾ ತೆರೆಯದೆ ನನ್ನ ಕೈಗೆ ಕೊಟ್ಟರು. ಹಾಗೆ ಕೊಟ್ಟದ್ದು ಅದೇ ಮೊದಲು. ಓದಿ ಮುಗಿಸಿ ಹತ್ತು ದಿನ ಇಟ್ಟುಕೊಂಡೆ. ಆಮೇಲೆ ನಾನೇ ಅದನ್ನು ಅವರ ಮೇಜಿನ ಮೇಲೆ ಇಟ್ಟೆ. ಆಗ ಅವರಿಗೆ ಹೇಳಿದ್ದನ್ನೇ ಈಗ ನಿನಗೆ ಬರೆಯುತ್ತಿದ್ದೇನೆ.

ಲಾಕ್‌ಡೌನ್ ಸಡಿಲವಾದ ಮೇಲೆ, 2021ರ ಜುಲೈ ತಿಂಗಳು. ಊರಿಗೆ ಬರಲು ಹೊಸೂರು ಬಸ್ ನಿಲ್ದಾಣಕ್ಕೆ ಬಂದಿದ್ದೆ. ಎದುರಿನ ಟೈರ್ ಅಂಗಡಿಯ ಮುಂದೆ ಅಪ್ಪ ಇದ್ದರು. ಒಂದು ಸಣ್ಣ ಹುಡುಗಿಯನ್ನು ಟೈರಿನ ಮೇಲೆ ಕೂರಿಸಿ ಅವಳ ಚಪ್ಪಲಿಯ ಪಟ್ಟಿ ಹಾಕುತ್ತಿದ್ದರು. ನನಗೆ ಹಾಕುತ್ತಿದ್ದ ಹಾಗೆಯೇ, ಮಂಡಿಯೂರಿ. ಹುಡುಗಿ ಅವರ ತಲೆಗೂದಲು ಹಿಡಿದುಕೊಂಡಿದ್ದಳು. ತಲೆಯೆತ್ತಿದಾಗ ನನ್ನನ್ನು ನೋಡಿದರು. ಓಡಲಿಲ್ಲ. ಹುಡುಗಿಯನ್ನು ಒಳಗೆ ಕಳಿಸಿ ಬಂದು ನಿಂತರು.

ಅಮ್ಮ ಹೇಗಿದ್ದಾಳೆ ಎಂದರು. ಕಾಯುತ್ತಿದ್ದಾಳೆ ಎಂದೆ. ಆಮೇಲೆ ಹೇಳಿದ್ದು ಇಷ್ಟು:

"ಸತ್ತೋದೆ ಅಂತ ಹೇಳ್ಬುಡು ಕಣಮ್ಮ. ಈಗ ಎಷ್ಟೋ ಜನ ಹೋಗವ್ರೆ. ಯಾರೂ ಕೇಳಾಕಿಲ್ಲ."

ಬಸ್ಸಿನಲ್ಲಿ ಮೈಸೂರಿನವರೆಗೆ ಯೋಚಿಸಿದೆ. ನಿಜ ಹೇಳಿದರೆ ಅಮ್ಮ ಹೊಸೂರಿಗೆ ಹೊರಡುತ್ತಾಳೆ, ಆ ಅಂಗಡಿಯ ಮುಂದೆ ನಿಲ್ಲುತ್ತಾಳೆ ಎನ್ನಿಸಿತು. ಅವಳನ್ನು ಅಲ್ಲಿ ನಿಲ್ಲಿಸಲು ನನಗೆ ಆಗಲಿಲ್ಲ. ಅವಳು ತಾಳಿ ತೆಗೆದಿಟ್ಟಾಗ ತಡೆಯಬೇಕಿತ್ತು. ತಡೆಯಲಿಲ್ಲ. ಆಮೇಲೆ ಇಲ್ಲಿಯ ಅರ್ಜಿಯಲ್ಲೂ ಅದನ್ನೇ ಬರೆದೆ. ಪ್ರತಿ ದಿನ ಅಪ್ಪನ ಆತ್ಮಶಾಂತಿಗಾಗಿ ಇಲ್ಲಿಯ ಎಲ್ಲರೂ ಪ್ರಾರ್ಥಿಸುತ್ತಾರೆ, ನಾನೂ ಅವರ ಜೊತೆ ಕೈಮುಗಿಯುತ್ತೇನೆ. ಮೊದಮೊದಲು ಏನೋ ಚುಚ್ಚುತ್ತಿತ್ತು. ಈಗ ಏನೂ ಆಗುವುದಿಲ್ಲ, ಅದನ್ನೇ ಸಿಸ್ಟರಿಗೆ ಮುಖ್ಯವಾಗಿ ಹೇಳಿದೆ.

ಅವರು ಬೈಯಲಿಲ್ಲ. ಈ ಮೇ ತಿಂಗಳಲ್ಲಿ ವ್ರತ ಬೇಡ ಎಂದರು. ಇನ್ನೊಂದು ವರ್ಷ ಇರು, ಅಥವಾ ಮನೆಗೆ ಹೋಗಿ ಯೋಚಿಸು, ಎರಡೂ ತೆರೆದಿದೆ ಎಂದರು. ನಾನು ಇರುತ್ತೇನೆ ಎಂದೆ. ನನ್ನ ಅರ್ಜಿಯಲ್ಲಿ ಆ ಸಾಲನ್ನು ನನ್ನ ಕೈಯಲ್ಲೇ ಹೊಡೆದು ಹಾಕಿದೆ.

ಕಾರ್ಡಿನಲ್ಲಿ 'ಇದ್ದಾರೆ' ಎಂದು ಹಾಕು. ಅಮ್ಮನಿಗೆ ಹೇಳು ಎಂದೂ ಬರೆಯಲಾರೆ, ಹೇಳಬೇಡ ಎಂದೂ ಬರೆಯಲಾರೆ. ಹೇಳಬೇಡ ಎಂದರೂ ನಿನ್ನಿಂದ ಆಗುವುದಿಲ್ಲ.

ಏಂಜೆಲಿನ್


ಶ್ರೀರಾಂಪುರ
18 ಜನವರಿ 2026

ಅಕ್ಕ,

ಹೇಳಿದೆ. ಕ್ರಿಸ್ಮಸ್ ಕಳೆಯಲಿ ಎಂದು ಕಾದೆ, ಅಷ್ಟು ದಿನ ತಡಮಾಡಿದ್ದೂ ಒಂದು ಸುಳ್ಳೇ ಇರಬಹುದು.

ಅಮ್ಮ ಕಾಲರು ಕೂಡಿಸುತ್ತಿದ್ದಳು. ನಾನು ನಿನ್ನ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ, ಒಂದು ಪದವನ್ನೂ ಬಿಡಲಿಲ್ಲ. ಚಪ್ಪಲಿಯ ಪಟ್ಟಿಯ ಹತ್ತಿರ ಬಂದಾಗ ಯಂತ್ರದ ಚಕ್ರವನ್ನು ಅಂಗೈಯಲ್ಲಿ ಹಿಡಿದು ನಿಲ್ಲಿಸಿದಳು. ಓದಿ ಮುಗಿದ ಮೇಲೆ ಒಂದೇ ಕೇಳಿದಳು.

"ಆ ಮಗು ಎಷ್ಟು ದೊಡ್ದು ಅಂತ ಬರ್ದವಳಾ?"

ಸಣ್ಣ ಹುಡುಗಿ ಎಂದಿದೆ ಎಂದೆ. ನಡೆಯುವ ಹುಡುಗಿ, ತಾನಾಗಿ ಅಂಗಡಿಯೊಳಗೆ ಹೋಗುವ ಹುಡುಗಿ. ಅಮ್ಮ ಮನಸ್ಸಿನಲ್ಲಿ ಏನೋ ಎಣಿಸಿದಳು. ಅಪ್ಪ ಹೋಗಿ ಆಗ ಎರಡು ವರ್ಷವಾಗಿತ್ತು. ನಾನೂ ಎಣಿಸಿದೆ. ಅಷ್ಟು ದೊಡ್ಡ ಮಗು ಆ ಎರಡು ವರ್ಷದೊಳಗೆ ಹಿಡಿಸುವುದು ಕಷ್ಟ. ಅವಳು ಕೈ ತೆಗೆದಳು, ಚಕ್ರ ತಿರುಗಿತು, ಕಾಲರು ಮುಗಿಯಿತು. ಊಟ ಮಾಡು ಎಂದಳು.

ನೀನು ಹೇಳಿದ ಹಾಗೆ 'ಇದ್ದಾರೆ' ಎಂದು ಹಾಕಲಿಲ್ಲ. ನೀನು ನೋಡಿದ್ದು ನಾಲ್ಕೂವರೆ ವರ್ಷದ ಹಿಂದೆ. ಇವತ್ತು ನಮಗೆ ಗೊತ್ತಿಲ್ಲ. ಏಳನೆಯ ಕೆಂಪು ಗೆರೆಯ ಜಾಗದಲ್ಲಿ ಅದನ್ನೇ ಮುದ್ರಿಸಲು ಬರೆದೆ. ನೀನು ವ್ರತ ಮಾಡುವ ವರ್ಷ ಪತ್ರ ಹಾಗೆಯೇ ಬರುತ್ತದೆ. ತಂದೆ: ಸಹಾಯರಾಜ್, ಇದ್ದಾರೋ ಇಲ್ಲವೋ ಗೊತ್ತಿಲ್ಲ.

ಕೀರ್ತಿಯಕ್ಕ ಶುಕ್ರವಾರ ಎರಡು ಗಂಟೆ ಕುಳಿತು ಎಲ್ಲವನ್ನೂ ನೋಡಿದರು. 'ಎನಿ' ಎಂದು ಹುಡುಕಿದರು, ಸಿಗಲಿಲ್ಲ. "ಈ ಗೊತ್ತಿಲ್ಲ ಅನ್ನೋದು ಒಬ್ರಿಗೇ ಇದೆಯಲ್ಲೋ" ಎಂದರು. ಹೌದು, ನಮ್ಮಪ್ಪನಿಗೆ ಎಂದೆ. ಪರದೆಯನ್ನೇ ನೋಡುತ್ತ, ಸೋಮವಾರದಿಂದ ಬಾ ಎಂದರು. ಕೆಂಪಯ್ಯನವರು ಬೀದಿಗೆ ಕೇಳುವ ಹಾಗೆ ಇಂಜಿನಿಯರೇ ಎಂದು ಕರೆಯುತ್ತಿದ್ದಾರೆ. ಖುಷಿಯಾಯಿತೇ ಎಂದು ಕೇಳಬೇಡ. ನಾಳೆ ಹೋಗುತ್ತೇನೆ.

ಇವತ್ತು ಪೂಜೆಯಾದ ಮೇಲೆ ಅಮ್ಮ ಚರ್ಚಿನ ಕಚೇರಿಗೆ ಬಂದಳು. ಅಲ್ಲಿಗೆ ಅವಳು ಎಂದೂ ಬಂದವಳಲ್ಲ. ಫಾದರ್ ಹೊರಗೆ ಯಾರ ಹತ್ತಿರವೋ ಮಾತಾಡುತ್ತಿದ್ದರು. ನಮ್ಮ ಕಾರ್ಡು ತೆಗಿ ಎಂದಳು. ತೆಗೆದೆ. ಅಪ್ಪನ ಸಾಲಿನ ಮೇಲೆ ಬೆರಳಿಟ್ಟು ಓದಿದಳು, ಅದು ಹಾಗೇ ಇರಲಿ ಎಂದಳು. ಬೆರಳು ಕೆಳಗಿನ ಸಾಲಿಗೆ ಬಂತು. ಆಗ್ನೆಸ್, ವಿಧವೆ.

"ಇದ್ನ ತಗ್ದಾಕು."

ವಿವಾಹಿತೆ ಎಂದು ಹಾಕಲೇ ಎಂದೆ.

"ಏನೂ ಹಾಕ್ಬೇಡ. ಸುಮ್ನೆ ಬುಡು."

ಖಾಲಿ ಬಿಡಲು ಇದು ಒಪ್ಪುವುದಿಲ್ಲ, ಎಲ್ಲರ ಮುಂದೆಯೂ ಏನಾದರೊಂದು ಇರಲೇಬೇಕು, ನಿಯಮ ಹಾಗಿದೆ ಎಂದೆ. ನಿಯಮ ಯಾರು ಮಾಡಿದ್ದು ಎಂದು ಕೇಳಿದಳು. ನಾನು ಎಂದೆ. ಅವಳು ಕುರ್ಚಿ ಎಳೆದುಕೊಂಡು ಮೊಣಕಾಲು ಹಿಡಿದು ಕುಳಿತಳು.

ಈ ವಿಷಯ ಇಲ್ಲದೆಯೂ ಇರಬಹುದು ಎಂದು ಹೇಳಲು ಈ ಭಾಷೆಯಲ್ಲಿ ಒಂದು ಪ್ರಶ್ನೆ ಚಿಹ್ನೆ ಸಾಕು. ಹಾಕಿದೆ. ಅಪ್ಪನ ಸಾಲಿಗೆ ಒಂದು ಪದ ಸೇರಿಸಿದಾಗ ಆಗಿದ್ದು ನೆನಪಿತ್ತು, ಎಷ್ಟು ಕಡೆ ಕೆಂಪಾಗುತ್ತದೋ ಎಂದು ಕಾದೆ. ಎಲ್ಲೂ ಆಗಲಿಲ್ಲ. ಏನೋ ತಪ್ಪಾಗಿದೆ ಎಂದು ಮುಚ್ಚಿ ಮತ್ತೆ ತೆರೆದೆ. ಒಂದೂ ಇಲ್ಲ. ಮೊದಲಿನಿಂದ ಹುಡುಕಿ ನೋಡಿದೆ. ಹಳೆಯ ಕಾರ್ಡಿನಲ್ಲಿ ಇತ್ತು ಎಂದು ಆ ಪದವನ್ನು ನಾನು ತಂದು ಸೇರಿಸಿದ್ದೆ. ಲಕೋಟೆಗೆ ಅಪ್ಪನ ಸಾಲು ಬೇಕಿತ್ತು, ಎಣಿಕೆಗೆ ಬೇಕಿತ್ತು, ಪಟ್ಟಿಗೆ ಬೇಕಿತ್ತು. ಅಮ್ಮನ ಈ ಸಾಲನ್ನು ಇಡೀ ಪ್ರೋಗ್ರಾಮಿನಲ್ಲಿ ಯಾವುದೂ ಒಮ್ಮೆಯೂ ಕೇಳಿರಲಿಲ್ಲ.

ಅಳಿಸಿದೆ. ಅವಳ ಹೆಸರಿನ ಮುಂದೆ ಬಿಳಿ ಜಾಗ ಉಳಿಯಿತು.

"ಆಯ್ತಾ?" ಎಂದಳು.

"ಆಯ್ತು."

"ಇಷ್ಟೇನಾ?"

"ಇಷ್ಟೇ ಕಣಮ್ಮ" ಎಂದೆ.

ಅವಳು ಇನ್ನೂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದಳು. ಆಮೇಲೆ ಮನೆಗೆ ಬಂದೆವು.

ಆಂಟೋ